ಹೆಬ್ಬಾವು ಊಟ ಬಿಟ್ಟರೆ ಮೊದಲು ಥರ್ಮಾಮೀಟರ್ ಹಿಡಿಯಿರಿ

ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವನ್ನು ಸಾಕಿದವರಿಂದ ನನಗೆ ಫೋನ್ ಬರುವುದು ಹೆಚ್ಚಾಗಿ ನವೆಂಬರ್ ಕಳೆದ ಮೇಲೆ. ಇಲ್ಲಿ ಅಮೆರಿಕದಲ್ಲಿ ಮಗನೋ ಮಗಳೋ ಹಟ ಹಿಡಿದು ಅಂಗಡಿಯಿಂದ ತರಿಸಿಕೊಂಡ ಹಾವು. ಬೇಸಿಗೆಯೆಲ್ಲ ಗಬಗಬ ತಿಂದದ್ದು ಈಗ ಇಲಿಯ ಕಡೆ ತಿರುಗಿಯೂ ನೋಡುವುದಿಲ್ಲ. ಮಗು ಅಳುತ್ತದೆ, ಅಪ್ಪ ಯೂಟ್ಯೂಬ್ ನೋಡಿಕೊಂಡು ದಿನಕ್ಕೆರಡು ಸಲ ಹಾವಿನ ಮೂತಿಯ ಮುಂದೆ ಇಲಿ ಆಡಿಸುತ್ತಾರೆ, ಊರಿಂದ ಬಂದ ಅಜ್ಜಿ ‘ಒಂದು ಬಟ್ಟಲು ಹಾಲಾದರೂ ಇಡ್ರೋ’ ಅನ್ನುತ್ತಾರೆ. ಹಾಲು ಹಾವಿನ ಆಹಾರವೇ ಅಲ್ಲ, ಇಡಬೇಡಿ. ಆದರೆ ಹಾವಿಗೆ ಹೆಚ್ಚು ಕಾಟ ಕೊಡುತ್ತಿರುವುದು ಅಜ್ಜಿಯಲ್ಲ, ಅಪ್ಪ.

ಘಾನಾ, ಟೋಗೊ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ದೇಶಗಳು ಈ ಹಾವಿನ ತವರು. ಗೆದ್ದಲು ಕಟ್ಟಿದ ಹುತ್ತ ಅಲ್ಲಿಯೂ ಹಾವಿನ ಪಾಲೇ. ಹುತ್ತ ಸಿಗದಿದ್ದರೆ ಇಲಿಯ ಬಿಲ. ಹಗಲಿಡೀ ಒಳಗೆ ಮುದುಡಿಕೊಂಡಿದ್ದು ಕತ್ತಲಾದ ಮೇಲೆ ಹೊರಬರುವ ಪ್ರಾಣಿ. ಪ್ರಾಯದ ಗಂಡು ಚಳಿಗಾಲದಲ್ಲಿ, ಬೆದೆಯ ದಿನಗಳಲ್ಲಿ, ತಿಂಗಳುಗಟ್ಟಲೆ ಬಾಯಿ ಕಟ್ಟಿ ಕೂರುತ್ತದೆ. ಮೊಟ್ಟೆ ಹೊತ್ತ ಹೆಣ್ಣೂ ಹಾಗೇ. ‘ನಮ್ಮದು ಒಂಟಿ ಹೆಣ್ಣು, ಮೊಟ್ಟೆ ಎಲ್ಲಿಂದ ಬರಬೇಕು’ ಅನ್ನಬೇಡಿ. 2020ರಲ್ಲಿ ಸೇಂಟ್ ಲೂಯಿಸ್ ಮೃಗಾಲಯದಲ್ಲಿ, 62 ವರ್ಷವಾದರೂ ಆಗಿರಬೇಕೆಂದು ಅಂದಾಜಿಸಿದ್ದ ಬಾಲ್ ಪೈಥಾನ್ ಒಂದು ಗಂಡಿನ ಮುಖ ನೋಡಿ ಹತ್ತಾರು ವರ್ಷವಾದ ಮೇಲೆ ಏಳು ಮೊಟ್ಟೆ ಇಟ್ಟಿತು.

1. ತೂಗಿ

ಡಿಜಿಟಲ್ ತಕ್ಕಡಿಯ ಮೇಲೆ ಮುಚ್ಚಳವಿರುವ ಡಬ್ಬಿ ಇಟ್ಟು, ಸೊನ್ನೆಗೆ ತಂದು, ಹಾವನ್ನು ಅದರೊಳಗೆ ಬಿಡಿ. ಗ್ರಾಂ ಲೆಕ್ಕವನ್ನು ತಾರೀಖಿನ ಸಮೇತ ಬರೆದಿಡಿ, ಎರಡು ವಾರಕ್ಕೊಮ್ಮೆ ಸಾಕು. ದೊಡ್ಡ ಹಾವು ಮೂರು ತಿಂಗಳು ತಿನ್ನದೆಯೂ ತೂಕ ಹಾಗೇ ಇದ್ದರೆ ಅದು ಉಪವಾಸ, ಕಾಯಿಲೆಯಲ್ಲ. ಹತ್ತನೇ ಒಂದು ಪಾಲು ಇಳಿದಿದ್ದರೆ ಅಥವಾ ಬೆನ್ನುಮೂಳೆ ಎದ್ದು ಕಾಣುತ್ತಿದ್ದರೆ ಉಳಿದ ಹೆಜ್ಜೆಗಳನ್ನು ಬಿಟ್ಟು ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಿ. ಮರಿಗಳ ವಿಷಯದಲ್ಲಿ ಇಷ್ಟು ಸಾವಧಾನ ಸಲ್ಲದು. ಕೆಲವು ವಾರ ತಿನ್ನದಿದ್ದರೇ ತೋರಿಸಬೇಕು.

ಕಣ್ಣು ಮಂಜಾಗಿ ನೀಲಿ ತಿರುಗಿದೆಯೇ? ಪೊರೆ ಬಿಡುವ ಹೊತ್ತು, ಮುಗಿಯುವವರೆಗೆ ಇಲಿ ತೋರಿಸಬೇಡಿ. ಹಾವು ಮನೆಗೆ ಬಂದು ವಾರವೂ ಆಗಿಲ್ಲವೇ? ಮುಟ್ಟಬೇಡಿ, ನೆಂಟರಿಗೂ ತೋರಿಸಬೇಡಿ.

2. ಪೆಟ್ಟಿಗೆ ಸರಿಮಾಡಿ

ನಾನು ನೋಡಿದ ಮಟ್ಟಿಗೆ ತಪ್ಪು ಹಾವಿನದ್ದಾಗಿರುವುದು ಅಪರೂಪ, ಪೆಟ್ಟಿಗೆಯದ್ದೇ ಹೆಚ್ಚು. ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲಿನ ಥರ್ಮಾಮೀಟರಿನಲ್ಲಿ 88ರಿಂದ 92 ಫ್ಯಾರನ್‌ಹೀಟ್. ತಂಪು ತುದಿ 25ರಿಂದ 27. ತೇವಾಂಶ ಶೇ 60ರ ಆಸುಪಾಸು. ಎರಡೂ ತುದಿಗೆ ಒಂದೊಂದು ಅಡಗುಗೂಡು ಬೇಕು, ಅದು ಹಾವಿನ ಮೈ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ವಿಶಾಲವಾದ ಗಾಜಿನ ಪೆಟ್ಟಿಗೆಗೆ ಒಂದೇ ಒಂದು ಅರ್ಧ ತೆರೆದ ಮರದ ಕಮಾನು ಇಟ್ಟವರ ಮನೆಯಲ್ಲಿ ಹಾವು ಊಟ ಬಿಡದಿದ್ದರೆ ನನಗೆ ಆಶ್ಚರ್ಯ. ಮೂರು ಕಡೆ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ, ಖರ್ಚಿಲ್ಲದ ಮದ್ದು.

ಗಾಜಿಗೆ ಅಂಟಿಸುವ ಗಡಿಯಾರದಂಥ ಮೀಟರುಗಳನ್ನು ಕಸಕ್ಕೆ ಹಾಕಿ. ಅವು ಗಾಜಿನ ಕಥೆ ಹೇಳುತ್ತವೆ, ನೆಲದ್ದಲ್ಲ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಮೀಟರೇ ಬೇಕು. ‘ಹೀಟ್ ರಾಕ್’ ಎಂಬ ಬಿಸಿಕಲ್ಲನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ, ಹೊಟ್ಟೆ ಸುಟ್ಟುಕೊಂಡ ಹಾವುಗಳನ್ನು ನೋಡಿದ್ದೇನೆ. ಯಾವ ಹೀಟರ್ ಆದರೂ ಥರ್ಮೋಸ್ಟಾಟ್ ಇಲ್ಲದೆ ಹಚ್ಚಬೇಡಿ. ಹಾಸಿಗೆಗೆ ದೇವದಾರಿನ ಸಿಪ್ಪೆಯೂ ಬೇಡ, ಅದರ ಘಾಟು ಹಾವಿಗೆ ವಿಷ.

ಇಷ್ಟು ಮಾಡಿ ವಾರ ಸುಮ್ಮನಿರಿ.

3. ಇಲಿಯ ಗಾತ್ರ

ಹಾವಿನ ಮೈಯ ಅತಿ ದಪ್ಪ ಭಾಗದಷ್ಟೇ ದಪ್ಪ, ಅದಕ್ಕಿಂತ ಹೆಚ್ಚು ಬೇಡ. ಊಟ ಬಿಟ್ಟ ಹಾವಿಗೆ ಇನ್ನೂ ಒಂದು ಸೈಜು ಚಿಕ್ಕದು.

4. ಇಲಿ ಬಿಸಿಮಾಡುವುದು

ಹತ್ತರಲ್ಲಿ ಎಂಟು ಮಂದಿ ಎಡವುವುದು ಇಲ್ಲಿ. ಫ್ರೀಜರಿನಿಂದ ತೆಗೆದ ಇಲಿಯನ್ನು ಜಿಪ್ ಚೀಲಕ್ಕೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಲು ಬಿಡಿ. (ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಇಲಿಗೆಂದೇ ಪುಟ್ಟ ಫ್ರಿಜ್ ಕೊಳ್ಳಿ. ತೆಂಗಿನತುರಿಯ ಪಕ್ಕ ಇಲಿ ಕಂಡ ಅಮ್ಮಂದಿರಿಗೆ ಸಮಾಧಾನ ಹೇಳುವುದು ಹಾವಿಗೆ ಉಣ್ಣಿಸುವುದಕ್ಕಿಂತ ಕಷ್ಟ.) ಮರುದಿನ ಸಂಜೆ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ. ಒಳಗೆ ಗಂಟು ಸಿಕ್ಕಿದರೆ ಇನ್ನೂ ಮಂಜುಗಡ್ಡೆಯಿದೆ, ಚೀಲದ ಸಮೇತ ತಣ್ಣೀರಿನಲ್ಲಿ ಬಿಡಿ.

ಪೂರ್ತಿ ಮೆತ್ತಗಾದ ಮೇಲೆ ಬಿಸಿನೀರು. ಕೈ ಅದ್ದಿದರೆ ಚುರುಕ್ಕೆನ್ನಬೇಕು, ಸುಡಬಾರದು. ಕುದಿನೀರಿಗೆ ಹಾಕಿದರೆ ಹೊಟ್ಟೆ ಬೆಂದು ಒಡೆಯುತ್ತದೆ. ಮೈಕ್ರೋವೇವ್ ಎಂಬ ಅಡ್ಡದಾರಿಯಂತೂ ಬೇಡ: ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗಿರುತ್ತದೆ, ಸಿಡಿದರೆ ಆ ಮೈಕ್ರೋವೇವ್ ಮತ್ತೆ ಅಡುಗೆಗೆ ಬರುವುದಿಲ್ಲ.

ಹಾವಿನ ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಕುಳಿಗಳಿವೆ, ಹತ್ತಿರದಿಂದ ನೋಡಿದರೆ ಕಾಣುತ್ತವೆ. ಕತ್ತಲಲ್ಲಿ ಬೇಟೆಯ ಮೈಬಿಸಿ ಗುರುತಿಸುವುದು ಅವುಗಳಿಂದಲೇ. ಕೋಣೆಯಷ್ಟೇ ತಣ್ಣಗಿರುವ ಇಲಿ ಅದರ ಲೆಕ್ಕಕ್ಕೆ ಇಲಿಯೇ ಅಲ್ಲ. ಹಾಗಾಗಿ ಮೈ 37–38 ಡಿಗ್ರಿಗೆ ಬರಬೇಕು. ಇನ್‌ಫ್ರಾರೆಡ್ ಗನ್ ಇದ್ದರೆ ಅಳೆಯಿರಿ. ಆಮೇಲೆ ಚೀಲದಿಂದ ತೆಗೆದು ಕಾಗದದಲ್ಲಿ ಒರೆಸಿ, ಕೂದಲು ಒಣಗುವವರೆಗೆ ಹೇರ್ ಡ್ರೈಯರ್ ಹಿಡಿಯಿರಿ. ಒದ್ದೆ ಇಲಿಯನ್ನು ಮೂಸಿ ಹಿಂದೆ ಸರಿಯುವ ಹಾವುಗಳು ಬೇಕಾದಷ್ಟಿವೆ. ಕೊನೆಯ ಅರ್ಧ ನಿಮಿಷ ಡ್ರೈಯರ್ ತಲೆಗೆ ಮಾತ್ರ. ಮೈಗಿಂತ ತಲೆ ತುಸು ಬಿಸಿಯಿದ್ದರೆ ಹಾವು ತಲೆಯನ್ನೇ ಹಿಡಿಯುತ್ತದೆ, ನುಂಗುವುದೂ ಸಲೀಸು. ಬಿಸಿ ಕೆಲವೇ ನಿಮಿಷದಲ್ಲಿ ಆರುತ್ತದೆ, ಡ್ರೈಯರನ್ನು ಪೆಟ್ಟಿಗೆಯ ಹತ್ತಿರವೇ ಇಟ್ಟುಕೊಳ್ಳಿ.

5. ಕೊಡುವುದು

ಕತ್ತಲಾಗಿ ಒಂದು ಗಂಟೆ ಕಳೆಯಲಿ. ದೀಪ, ಟಿವಿ, ಮಕ್ಕಳ ಗಲಾಟೆ ಬಂದ್. ಅಡಿಯಷ್ಟು ಉದ್ದದ ಇಕ್ಕಳದಿಂದ ಇಲಿಯನ್ನು ಸೊಂಟದ ಹತ್ತಿರ ಹಿಡಿದು, ಗೂಡಿನ ಬಾಯಿಗೆ ನೆಲದ ಮಟ್ಟದಲ್ಲೇ ತನ್ನಿ. ಮೇಲಿನಿಂದ ಇಳಿಸಿದರೆ ಹಾವಿಗೆ ಅದು ಹದ್ದು. ಸ್ವಲ್ಪ ಅಲುಗಿಸಿ, ನಿಲ್ಲಿಸಿ, ಮತ್ತೆ ಸ್ವಲ್ಪ. ಕುತ್ತಿಗೆ ಕೊಂಕಿಸಿ ನಾಲಿಗೆ ಪಟಪಟ ಆಡಿಸಿದರೆ ಇಷ್ಟವಾಗಿದೆ ಎಂದರ್ಥ, ಉಸಿರು ಬಿಗಿಹಿಡಿದು ಕಾಯಿರಿ. ತಲೆ ಹಿಂದೆಳೆದುಕೊಂಡರೆ ಅಲ್ಲಿಗೆ ಬಿಡಿ, ಮೂತಿಗೆ ತಿವಿಯಬೇಡಿ. ಇಲಿಯನ್ನು ಗೂಡಿನ ಬಾಗಿಲಲ್ಲಿಟ್ಟು, ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಹೋಗಿ ಮಲಗಿ. ನಡುರಾತ್ರಿ ಟಾರ್ಚ್ ಹಾಕಿ ನೋಡುವವರಿಗೆ ಹೇಳಿ ಪ್ರಯೋಜನವಿಲ್ಲ.

ಬೆಳಿಗ್ಗೆ ಇಲಿ ಉಳಿದಿದ್ದರೆ ಎಸೆಯಿರಿ, ಮತ್ತೆ ಫ್ರೀಜರಿಗೆ ಹಾಕಬೇಡಿ. ಮುಂದಿನ ಪ್ರಯತ್ನ ವಾರದ ನಂತರ. ದೊಡ್ಡ ಹಾವಾದರೆ ನಾನು ಎರಡು ವಾರ ಬಿಡುತ್ತೇನೆ. ಊಟಕ್ಕೆಂದು ಹಾವನ್ನು ಬೇರೆ ಡಬ್ಬಿಗೆ ಹಾಕುವ ರೂಢಿ ಕೆಲವರಲ್ಲಿದೆ, ಊಟ ಬಿಡಿಸಲು ಅದಕ್ಕಿಂತ ಒಳ್ಳೆಯ ದಾರಿ ಬೇರಿಲ್ಲ.

ಎರಡು ಮೂರು ಸಲ ಹೀಗಾದರೆ ಬೇಟೆ ಬದಲಿಸಿ: ದೊಡ್ಡ ಇಲಿ (ರ‍್ಯಾಟ್) ಬೇಡವೆಂದ ಹಾವು ಸುಂಡಿಲಿಗೆ (ಮೌಸ್) ಬಾಯಿ ತೆರೆಯಬಹುದು, ಅಥವಾ ಸುಂಡಿಲಿಯ ಪೆಟ್ಟಿಗೆಯ ಹಾಸನ್ನು ಇಲಿಗೆ ಉಜ್ಜಿ ಕೊಡಿ. ಜೀವಂತ ಇಲಿ ಬಿಟ್ಟು ಬಾಗಿಲು ಹಾಕುವುದು ಮಾತ್ರ ಶುದ್ಧ ತಪ್ಪು. ಹಸಿದ ಇಲಿ ಹಾವಿನ ಬೆನ್ನನ್ನು ಮೂಳೆ ಕಾಣುವವರೆಗೆ ಕಡಿಯಬಲ್ಲದು. ಬಾಯಿ ತೆರೆದು ತುರುಕುವುದು ವೈದ್ಯರ ಕೆಲಸ, ನಿಮ್ಮದಲ್ಲ.

ಊರಿನಲ್ಲಿ, ಅಂದರೆ ಭಾರತದಲ್ಲಿ, ಇರುವವರಿಗೆ ಒಂದು ಮಾತು. 2022ರ ತಿದ್ದುಪಡಿಯ ನಂತರ ಬಾಲ್ ಪೈಥಾನ್‌ನಂಥ ವಿದೇಶಿ ಪ್ರಾಣಿಗಳೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಾಲ್ಕನೇ ಅನುಸೂಚಿಯೊಳಗೆ ಬಂದಿವೆ, ‘ಪರಿವೇಶ್’ ಎಂಬ ಸರ್ಕಾರಿ ಪೋರ್ಟಲಿನಲ್ಲಿ ನೋಂದಣಿ ಮಾಡಿಸಬೇಕು. ನಮ್ಮ ಕಾಡಿನ ಹೆಬ್ಬಾವು ಮೊದಲನೇ ಅನುಸೂಚಿಯದ್ದು, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ.

ತೂಕ ಸರಿಯಿದ್ದರೂ ತಡಮಾಡಬಾರದ ಲಕ್ಷಣಗಳು

ಮೂಗಿನಲ್ಲಿ ಗುಳ್ಳೆ, ಉಸಿರಾಡುವಾಗ ಸುಂಯ್ ಎನ್ನುವ ಸದ್ದು, ಬಾಯಿ ತೆರೆದೇ ಇರುವುದು, ವಸಡಿನಲ್ಲಿ ಕೀವು, ಹುರುಪೆಗಳ ನಡುವೆ ಓಡಾಡುವ ಕರಿಚುಕ್ಕೆಯಂಥ ನುಸಿ. ಇವು ಕಂಡರೆ ವೈದ್ಯರಲ್ಲಿಗೆ ಹೋಗಿ. ತೂಕದ ಪಟ್ಟಿ ಮತ್ತು ತಾಜಾ ಹಿಕ್ಕೆ ಜೊತೆಗಿರಲಿ, ಹೊಟ್ಟೆಹುಳ ಪರೀಕ್ಷೆಗೆ ಬೇಕಾಗುತ್ತದೆ.

ತಿಂದಿತೇ? ಎರಡು ದಿನ ಎತ್ತಿಕೊಳ್ಳಬೇಡಿ, ಫೋಟೊಗೂ ಬೇಡ. ತಿಂದದ್ದನ್ನು ಕಕ್ಕಿದರೆ ಎರಡು ವಾರ ನೀರು ಮಾತ್ರ ಇಟ್ಟು, ಮೊದಲಿನ ಅರ್ಧ ಗಾತ್ರದ ಇಲಿಯಿಂದ ಶುರುಮಾಡಿ. ಎರಡನೇ ಸಲವೂ ಕಕ್ಕಿದರೆ ವೈದ್ಯರಿಗೆ ಫೋನ್ ಮಾಡಿ, ನನಗಲ್ಲ.