ಗುಳೆ ಹೋದವರ ಮಾಹಿತಿ ಇಡುವುದು ಹೇಗೆ

ದೇವದುರ್ಗ, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಗುಳೆ ಸಮೀಕ್ಷೆ ಮಾಡುವಾಗ ಎರಡು ಎಕ್ಸೆಲ್ ಫೈಲ್ ಇಡಿ. ಒಂದರಲ್ಲಿ ಹೆಸರು, ಮೊಬೈಲ್, ಪ್ರತಿ ಕುಟುಂಬಕ್ಕೆ ನೀವು ಕೊಟ್ಟ ಗುರುತಿನ ಸಂಖ್ಯೆ. ಇನ್ನೊಂದರಲ್ಲಿ ಬರೀ ಆ ಸಂಖ್ಯೆ, ಜೊತೆಗೆ ಮುಂಗಡ ಸಾಲ, ಶಾಲೆ ಬಿಟ್ಟ ಮಕ್ಕಳು, ದೌರ್ಜನ್ಯದ ವಿವರ. ಮೊದಲನೆಯದಕ್ಕೆ ಪಾಸ್‌ವರ್ಡ್ ಹಾಕಿ, ವಾಟ್ಸ್‌ಆ್ಯಪ್‌ನಲ್ಲಂತೂ ಕಳಿಸಬೇಡಿ. ಆಧಾರ್ ಸಂಖ್ಯೆ ಬೇಡವೇ ಬೇಡ.

ಹೆಚ್ಚು ಕಾಡುವುದು ಎರಡೆರಡು ಸಲ ಸೇರಿದ ಮನೆಗಳು. 'ಹನುಮಂತ', 'ಹಣಮಂತಪ್ಪ' ಒಬ್ಬನೇ ಇರಬಹುದು. ಮೊಬೈಲ್ ನಂಬರನ್ನೂ ನೆಚ್ಚಬೇಡಿ, ಒಂದನ್ನೇ ಮೂರು ಮನೆಯವರು ಕೊಡುತ್ತಾರೆ. ಹೆಂಡತಿಯ ಹೆಸರು, ಮಕ್ಕಳ ವಯಸ್ಸು ಹೋಲಿಸಿ ನೋಡಿ. ದಿನಾಂಕಕ್ಕೆ ದಿನ, ತಿಂಗಳು, ವರ್ಷ ಎಂದು ಮೂರು ಕಾಲಂ ಮಾಡಿ. 05/11 ಅನ್ನು ಎಕ್ಸೆಲ್ ಮೇ 11 ಎಂದು ಓದಿದರೆ ನವೆಂಬರಿನ ಗುಳೆ ಬೇಸಿಗೆಗೆ ಜಿಗಿಯುತ್ತದೆ.

ವರದಿಯಲ್ಲಿ 5ಕ್ಕಿಂತ ಕಡಿಮೆ ಪ್ರಕರಣಗಳಿದ್ದರೆ ತಾಂಡಾದ ಹೆಸರು ಬಿಟ್ಟು ತಾಲ್ಲೂಕಿನ ಲೆಕ್ಕಕ್ಕೆ ಸೇರಿಸಿ. 30 ಮನೆಯ ತಾಂಡಾದಲ್ಲಿ '14 ವರ್ಷದ ಹುಡುಗಿ: 1' ಎಂದು ಬರೆದರೆ ಅದು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ.