ಡಿಸ್ನಿಲ್ಯಾಂಡ್ ಕಟ್ಟಿದ್ದು ಹೇಗೆ ಅಂತ ಅಲ್ಲೇ ಓಡಾಡಿ ನೋಡುವ ಬಗೆ

ಕ್ಯಾಲಿಫೋರ್ನಿಯಾದ ಮಕ್ಕಳ ಮನೆಗೆ ಹೋದರೆ ಒಂದು ದಿನ ಡಿಸ್ನಿಲ್ಯಾಂಡ್ ಇದ್ದೇ ಇರುತ್ತದೆ, ಅಲ್ವಾ? ಮೊಮ್ಮಕ್ಕಳು ರೈಡ್‌ಗಳ ಕಡೆ ಓಡುತ್ತಾರೆ, ನಾವು ಬೆಂಚು ಹುಡುಕುತ್ತೇವೆ. ಹಾಗೆ ಸುಮ್ನೆ ಕೂರಬೇಡಿ. ನಾನು ರಸ್ತೆ, ಕೆರೆ ಕೆಲಸದಲ್ಲೇ ತಲೆ ನರೆತ ಸಿವಿಲ್ ಎಂಜಿನಿಯರ್. ಅಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದನ್ನು ಕಟ್ಟಿದ ರೀತಿ.

ಹೋಗುವ ಮುಂಚೆ ಇಷ್ಟು ತಿಳಿದಿರಲಿ. ಅನಾಹೈಮ್‌ನ ಈ 160 ಎಕರೆ ಮೊದಲು ಕಿತ್ತಳೆ ತೋಟ. 1954ರ ಜುಲೈನಲ್ಲಿ ಕೆಲಸ ಶುರುವಾಯಿತು, 1955ರ ಜುಲೈ 17ಕ್ಕೆ ಬಾಗಿಲು ತೆರೆಯಿತು. ಒಂದೇ ವರ್ಷ! ಖರ್ಚು ಸುಮಾರು 1 ಕೋಟಿ 70 ಲಕ್ಷ ಡಾಲರ್. ಎಬಿಸಿ ಟೀವಿ ಕಂಪನಿ ದುಡ್ಡು ಹಾಕಿತು, ಅದಕ್ಕೆ ಬದಲಾಗಿ ಪಾರ್ಕ್ ಕಟ್ಟಿಸಿದ ವಾಲ್ಟ್ ಡಿಸ್ನಿ ವಾರವಾರ ಕಾರ್ಯಕ್ರಮ ಮಾಡಿಕೊಟ್ಟರು. ಸೈಟಿನ ಉಸ್ತುವಾರಿ ನೌಕಾಪಡೆಯ ನಿವೃತ್ತ ಅಡ್ಮಿರಲ್ ಜೋ ಫೌಲರ್ ಅವರದು.

ಒಳಗೆ ಹೋದ ಕೂಡಲೇ ಪಾರ್ಕಿನ ಸುತ್ತ ಓಡುವ ರೈಲು ಹತ್ತಿ, ಪೂರ್ತಿ ಒಂದು ಸುತ್ತು ಬನ್ನಿ. ಹಳಿಯ ಕೆಳಗಿನ ಮಣ್ಣಿನ ದಿಬ್ಬ ನೋಡಿ. ಹೊರಗಿನ ಊರು ಒಳಗಿದ್ದವರ ಕಣ್ಣಿಗೆ ಬೀಳಬಾರದು ಅಂತ ಪಾರ್ಕಿನ ಸುತ್ತ ಹಾಕಿದ ಏರಿ ಅದು. ಮಣ್ಣು ಎಲ್ಲಿಂದ ಬಂತು? ಒಳಗೆ ಹಡಗು ಓಡಾಡುವ ನದಿಗಾಗಿ ಅಗೆದದ್ದನ್ನೇ ಇಲ್ಲಿ ಸುರಿದರು. ಸೈಟಿನ ಮಣ್ಣು ಸೈಟಿಗೇ ಆಯಿತು. ಇಂಥ ಲೆಕ್ಕಾಚಾರ ಕಂಡರೆ ನನಗೆ ಕೈಮುಗಿಯೋಣ ಅನ್ನಿಸುತ್ತದೆ.

ರೈಲಿಳಿದು ಆ ನದಿಯ ದಡಕ್ಕೆ ಹೋಗಿ. ಮೊದಲ ಸಲ ನೀರು ಬಿಟ್ಟಾಗ ಒಂದು ಹನಿಯೂ ನಿಲ್ಲಲಿಲ್ಲ. ತೋಟದ ಮರಳು ಮಣ್ಣು ಎಲ್ಲವನ್ನೂ ಕುಡಿದುಬಿಟ್ಟಿತು. ಆಮೇಲೆ ಜೇಡಿಮಣ್ಣು ತರಿಸಿ ತಳಕ್ಕೆ ಹಾಸಿದರು. ನಮ್ಮ ಕೆರೆ ಏರಿಯ ಹೊಟ್ಟೆಗೆ ಜೇಡಿ ತುಂಬಿ ದಮ್ಮಸು ಮಾಡುತ್ತೇವಲ್ಲ, ಅದೇ ವಿದ್ಯೆ. ಪಕ್ಕದಲ್ಲೇ ಹಡಗು ರಿಪೇರಿಯ ಕಟ್ಟೆ ಇದೆ, ಅದಕ್ಕೆ ಫೌಲರ್ ಅವರ ಹೆಸರೇ ಇಟ್ಟಿದ್ದಾರೆ.

ಜಂಗಲ್ ಕ್ರೂಸ್ ಅಂತ, ಕೃತಕ ಕಾಡಿನ ನಡುವೆ ದೋಣಿಯಲ್ಲಿ ಸುತ್ತುವ ರೈಡ್ ಇದೆ. ಅದರ ಹತ್ತಿರ ಒಂದು ಹಳೇ ತಾಳೆ ಜಾತಿಯ ಮರವನ್ನು ಕೇಳಿ ಹುಡುಕಿ. ಜಮೀನು ಮಾರಿದ ಡೊಮಿಂಗೆಜ್ ಕುಟುಂಬ ಇದೊಂದನ್ನು ಕಡಿಯಬೇಡಿ ಅಂದಿತ್ತು. 1896ರ ಮರ. ಕಡಿಯದೆ ಕಿತ್ತು ಇಲ್ಲಿ ನೆಟ್ಟರು. ತೋಟಗಾರಿಕೆ ನೋಡಿಕೊಂಡ ಬಿಲ್ ಎವಾನ್ಸ್ ಬುಡಸಮೇತ ಕಿತ್ತ ಕಿತ್ತಳೆ ಮರಗಳನ್ನೂ ಬಿಸಾಡಲಿಲ್ಲ. ತಲೆಕೆಳಗಾಗಿ ಹೂತು, ಬೇರುಗಳೇ ಕಾಡಿನ ವಿಚಿತ್ರ ಕೊಂಬೆಗಳಂತೆ ಕಾಣುವ ಹಾಗೆ ಮಾಡಿದರು.

ಬಾಗಿಲಿಂದ ಒಳಗೆ ಹೋಗುವ ಅಂಗಡಿ ಬೀದಿ, ಮೇನ್ ಸ್ಟ್ರೀಟಿನಲ್ಲಿ ತಲೆ ಎತ್ತಿ ನಡೆಯಿರಿ. ನೆಲಮಹಡಿಗಿಂತ ಮೇಲಿನ ಮಹಡಿ ಬೇಕೆಂದೇ ಕುಳ್ಳಗಿದೆ. ಅದರಿಂದ ಕಟ್ಟಡ ಎತ್ತರ ಕಾಣುತ್ತದೆ. ಆ ಬೀದಿಯ ಕೊನೆಗೆ ಕಾಣುವ ಕೋಟೆಯಲ್ಲೂ ಅದೇ ಉಪಾಯ: ಮೇಲೆ ಹೋದಂತೆ ಕಲ್ಲು ಸಣ್ಣದಾಗುತ್ತವೆ. ಅಷ್ಟು ದೊಡ್ಡದಾಗಿ ಕಾಣುವ ಕೋಟೆ ಬರೀ 77 ಅಡಿ! ಮೇನ್ ಸ್ಟ್ರೀಟಿನ ಮೇಲ್ಮಹಡಿ ಕಿಟಕಿಗಳಲ್ಲಿ ಪಾರ್ಕ್ ಕಟ್ಟಿದವರ ಹೆಸರುಗಳಿವೆ. ವಾಲ್ಟ್ ಅವರ ತಂದೆ ಎಲಿಯಾಸ್ ಡಿಸ್ನಿ ಹೆಸರನ್ನು ತಪ್ಪದೆ ಹುಡುಕಿ, ಕೆಳಗೆ ಕಂಟ್ರಾಕ್ಟರ್ ಅಂತ ಬರೆದಿದೆ. ಕೆಲಸ ಮಾಡಿದವರ ಹೆಸರು ಗೋಡೆ ಮೇಲೆ ಉಳಿಯಬೇಕು. ನಮ್ಮಲ್ಲಿ ಉದ್ಘಾಟಿಸಿದವರ ಹೆಸರೇ ಜಾಸ್ತಿ.

ಅದೇ ರಸ್ತೆಯಲ್ಲಿ ನಿಂತು ಮೊದಲ ದಿನವನ್ನು ನೆನೆಸಿಕೊಳ್ಳಿ. ಆಗತಾನೇ ಹಾಕಿದ ಡಾಂಬರು ಬಿಸಿಲಿಗೆ ಮೆತ್ತಗಾಗಿ ಹೆಂಗಸರ ಹೀಲ್ಸ್ ಹೂತುಕೊಂಡವು. ಪ್ಲಂಬರ್‌ಗಳ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳಿಗಿಂತ ಶೌಚಾಲಯಗಳನ್ನೇ ಮೊದಲು ಮುಗಿಸಿಕೊಂಡಿದ್ದರು. ನನ್ನನ್ನು ಕೇಳಿದರೆ ಅದೇ ಸರಿ. ನಾಳಿನ ಲೋಕ ತೋರಿಸುವ ಟುಮಾರೋಲ್ಯಾಂಡ್ ಭಾಗ ಅರ್ಧಕ್ಕೇ ನಿಂತಿತ್ತು, ಬಲೂನು, ಬಾವುಟ ಕಟ್ಟಿ ಮುಚ್ಚಿದರು.

ಕೊನೆಗೆ ಮ್ಯಾಟರ್‌ಹಾರ್ನ್, ರೋಲರ್ ಕೋಸ್ಟರ್ ಓಡುವ ಕೃತಕ ಬೆಟ್ಟ. 1959ರದು, 147 ಅಡಿ, ಸ್ವಿಟ್ಜರ್ಲೆಂಡಿನ ನಿಜವಾದ ಬೆಟ್ಟದ ನೂರರಲ್ಲಿ ಒಂದು ಭಾಗ. ಉಕ್ಕಿನ ಕೊಳವೆಯನ್ನೇ ಬಗ್ಗಿಸಿ ಹಳಿ ಮಾಡಿದ ಮೊದಲ ರೋಲರ್ ಕೋಸ್ಟರ್ ಇದೇ. ಹೊರಗೆ ನಿಂತರೂ ಆ ಕೊಳವೆ ಕಾಣುತ್ತದೆ. ಬೆನ್ನುನೋವಿದ್ದವರು ಹತ್ತಬೇಡಿ, ಕುಲುಕಾಟ ಜಾಸ್ತಿ.