ಸಾವಿರ ಗಜದ ಗುರಿ, ಆ್ಯಪ್ ಹೇಳುವ ಲೆಕ್ಕ, ನನ್ನ ರೈಫಲ್

ರೇಂಜಿಗೆ ಹೊಸದಾಗಿ ಬಂದವರು ಫೋನ್ ಹೊರತೆಗೆದು ಮೊದಲು ಕೇಳುವುದು ಒಂದೇ: ‘ಯಾವ ಬ್ಯಾಲಿಸ್ಟಿಕ್ ಆ್ಯಪ್ ಕರೆಕ್ಟಾಗಿದೆ?’ ಅಂದರೆ ದೂರದ ಗುರಿಗೆ ಸ್ಕೋಪನ್ನು ಎಷ್ಟು ತಿರುಗಿಸಬೇಕೆಂದು ಲೆಕ್ಕ ಹಾಕಿ ಹೇಳುವ ಆ್ಯಪ್. ಯಾವುದಾದರೂ ಆದೀತು ಎಂದರೆ ನಂಬುವುದಿಲ್ಲ. ನಾನೇನೋ ಗುಟ್ಟು ಬಚ್ಚಿಟ್ಟಿದ್ದೇನೆ ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ಹೊಡೆದು, ಅಳೆದು, ತಾಳೆ ಹಾಕಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಅರಿಝೋನಾದ ಫೀನಿಕ್ಸ್ ಹತ್ತಿರ, ಹುಟ್ಟಿ ಬೆಳೆದದ್ದು ಕೊಡಗಿನಲ್ಲಿ. ಕೈಲ್ ಮುಹೂರ್ತದ ದಿನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವುದನ್ನು ನೋಡುತ್ತ ಬೆಳೆದವನಿಗೆ ಕೋವಿ ಹೊಸದೇನಲ್ಲ. ಆದರೆ ತೆಂಗಿನಕಾಯಿ ಹೊಡೆಯುವಾಗ ಇವತ್ತಿನ ವಾಯುಭಾರ ಎಷ್ಟು ಎಂದು ಯಾರೂ ವಿಚಾರಿಸುವುದಿಲ್ಲ! ಅಮೆರಿಕದಲ್ಲಿ ವಲಸೆಯೇತರ ವೀಸಾದ ಮೇಲಿರುವವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ ಬಯಕೆಯನ್ನು ಅದುಮಿಟ್ಟುಕೊಂಡಿದ್ದೆ. ಈಗ ಊರಿನ ಉತ್ತರಕ್ಕಿರುವ ಬೆನ್ ಏವರಿ ರೇಂಜಿನಲ್ಲಿ ಸಾವಿರ ಗಜದ ಗುರಿಗೆ ಹೊಡೆಯುತ್ತೇನೆ. ಪ್ರತಿ ಫೆಬ್ರವರಿಯಲ್ಲಿ ಬರ್ಗರ್ ಸೌತ್‌ವೆಸ್ಟ್ ನ್ಯಾಷನಲ್ಸ್ ಪಂದ್ಯ ನಡೆಯುವುದು ಅಲ್ಲೇ.

ರೈಫಲ್ 6.5 ಕ್ರೀಡ್‌ಮೂರ್ ಕ್ಯಾಲಿಬರಿನದು, ಗುಂಡು ಹಾರ್ನಡಿ ಕಂಪನಿಯ 140 ಗ್ರೇನ್ ತೂಕದ ಇಎಲ್‌ಡಿ ಮ್ಯಾಚ್. ಈ ಗುಂಡು ಸಾವಿರ ಗಜ ತಲುಪಲು ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಕೆಳಗಿಳಿಯುವ ದೂರವನ್ನು ಸರಿದೂಗಿಸಲು, 100 ಗಜಕ್ಕೆ ಝೀರೋ ಮಾಡಿದ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ ಸ್ಕೋಪನ್ನು ಸಮುದ್ರಮಟ್ಟದ ಗಾಳಿಯಲ್ಲಾದರೆ ಸುಮಾರು 9 ಮಿಲ್ ಮೇಲಕ್ಕೆ ತಿರುಗಿಸಬೇಕು. ಮಿಲ್ ಎಂಬುದು ಕೋನದ ಅಳತೆ, ಒಂದು ಮಿಲ್ ಎಂದರೆ ಸಾವಿರ ಗಜದಲ್ಲಿ 36 ಇಂಚು, ಸ್ಕೋಪಿನ ಒಂದು ಕ್ಲಿಕ್ ಎಂದರೆ 3.6 ಇಂಚು. ಕಾಗದದ ಗುರಿಗೆ ಮಲಗಿ ಹೊಡೆಯುವ ಎಫ್-ಕ್ಲಾಸ್ ಪಂದ್ಯದಲ್ಲಿ ಆ ದೂರದ ಹತ್ತು ಅಂಕದ ವೃತ್ತದ ವ್ಯಾಸ 10 ಇಂಚು, ಒಳಗಿನ ಎಕ್ಸ್ ವೃತ್ತದ್ದು 5 ಇಂಚು. ನಿಖರತೆ ಎಂದಾಗ ಈ ಅಳತೆಗಳು ತಲೆಯಲ್ಲಿರಲಿ.

ಮೊದಲು ಮನೆಯಲ್ಲೇ ಕೂತು ಅಪ್ಲೈಡ್ ಬ್ಯಾಲಿಸ್ಟಿಕ್ಸ್, ಹಾರ್ನಡಿಯ 4ಡಿಒಎಫ್, ಜೆಬಿಎಂ ವೆಬ್ ಕ್ಯಾಲ್ಕುಲೇಟರ್ ಮೂರಕ್ಕೂ ಒಂದೇ ವೇಗ, ಒಂದೇ ಗಾಳಿ, ಒಂದೇ ಸ್ಕೋಪ್ ಎತ್ತರ ಕೊಟ್ಟು ನೋಡಿದೆ. 600 ಗಜದವರೆಗೆ ಉತ್ತರಗಳಲ್ಲಿ ಹೇಳಿಕೊಳ್ಳುವಂಥ ಅಂತರವೇ ಇಲ್ಲ. ಸಾವಿರಕ್ಕೆ ಹೋದಾಗ ಒಂದು ಕ್ಲಿಕ್ ಆಚೀಚೆ. ಇದರಲ್ಲಿ ಅಚ್ಚರಿಯಿಲ್ಲ, ಒಳಗಿನ ಭೌತಶಾಸ್ತ್ರ ಎಲ್ಲದರಲ್ಲೂ ಒಂದೇ. ಗುರುತ್ವ ಎಳೆಯುತ್ತದೆ, ಗಾಳಿ ತಡೆಯುತ್ತದೆ, ಕಂಪ್ಯೂಟರ್ ಅದನ್ನು ಸಣ್ಣ ಸಣ್ಣ ತುಂಡುಗಳಾಗಿ ಕೂಡಿಸುತ್ತ ಹೋಗುತ್ತದೆ. ಹಾರ್ನಡಿಯವರು ಡಾಪ್ಲರ್ ರಡಾರಿನಿಂದ ಅಳೆದ ತಡೆಯ ರೇಖೆ ಬಳಸುತ್ತಾರೆ, ಉಳಿದವು ಹೆಚ್ಚಾಗಿ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಚಿಕ್ಕದಾಗಿ ಬಿಸಿ (BC), ಅಂದರೆ ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ ಎಂಬ ಅಂಕಿ. ದಾರಿ ಬೇರೆ, ತಲುಪುವ ಊರು ಒಂದೇ.

ಆ್ಯಪ್ ಆ್ಯಪ್‌ಗಳ ನಡುವೆ ದೊಡ್ಡ ಅಂತರ ಕಂಡಾಗಲೆಲ್ಲ ಹುಡುಕಿದರೆ ಸಿಗುವುದು ಸೆಟ್ಟಿಂಗ್‌ನ ಎಡವಟ್ಟು. ಇದೇ ಗುಂಡಿಗೆ ಕಂಪನಿ ಎರಡು ಬಿಸಿ ಕೊಡುತ್ತದೆ: ಜಿ1 ಲೆಕ್ಕದಲ್ಲಿ 0.646, ಜಿ7 ಲೆಕ್ಕದಲ್ಲಿ 0.326. ಜಿ1 ಎನ್ನುವುದು ಹತ್ತೊಂಬತ್ತನೇ ಶತಮಾನದ ಚಪ್ಪಟೆ ತಳದ ಗುಂಡಿನ ಮಾದರಿ, ಜಿ7 ನಮ್ಮ ಉದ್ದ ಮೂತಿಯ, ಹಿಂದೆ ಕಿರಿದಾಗುವ ಗುಂಡುಗಳಿಗೆ ಹತ್ತಿರದ್ದು. ಮೊದಲನೆಯ ಸಂಖ್ಯೆಯನ್ನು ಎರಡನೆಯ ಖಾನೆಯಲ್ಲಿ ತುಂಬಿದರೆ ಗುಂಡು ಲೇಸರ್ ಕಿರಣದಂತೆ ಹಾರುತ್ತದೆ, ಫೋನಿನೊಳಗೆ. ಇನ್ನೊಂದು ಸೂಕ್ಷ್ಮ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳದು. ಬಿಸಿಯನ್ನು ಕೆಲವರು ಐಸಿಎಒ ಎಂಬ ಮಾದರಿ ವಾತಾವರಣಕ್ಕೆ ಹೇಳುತ್ತಾರೆ, ಕೆಲವರು ಆರ್ಮಿ ಮೆಟ್ರೋ ಎಂಬ ಹಳೆಯ ಮಾದರಿಗೆ. ಎರಡರ ನಡುವೆ ಶೇ 1.8ರ ವ್ಯತ್ಯಾಸ.

ಆಮೇಲೆ ವೇಗ. ಡಬ್ಬಿಯ ಮೇಲೆ ಸೆಕೆಂಡಿಗೆ 2710 ಅಡಿ ಎಂದಿದೆ. ಅದು ಅವರ ಪರೀಕ್ಷೆಯ ನಳಿಕೆಯ ವೇಗ, ನನ್ನ ನಳಿಕೆಗೆ ಅದು ಗೊತ್ತಿಲ್ಲ. ಗುಂಡಿನ ವೇಗ ಅಳೆಯುವ ಗಾರ್ಮಿನ್‌ನ ಪುಟ್ಟ ರಡಾರ್ ಕ್ರೋನೋಗ್ರಾಫ್ ಪಕ್ಕದಲ್ಲಿಟ್ಟು ಅಳೆದರೆ ಸರಾಸರಿ 2670 ಬಂತು. ನಲವತ್ತು ಅಡಿ ಕಡಿಮೆ. ಸಾವಿರ ಗಜದಲ್ಲಿ ಇದರ ಬೆಲೆ ಹತ್ತು ಇಂಚು, ಅಂದರೆ ಹತ್ತರ ವೃತ್ತದ ನಡುವಿಗೆ ಗುರಿಯಿಟ್ಟ ಗುಂಡು ವೃತ್ತದಿಂದ ಹೊರಗೆ. ಆ್ಯಪ್ ಬದಲಾಯಿಸಿ ಬದಲಾಯಿಸಿ ಸುಸ್ತಾಗುವವರಲ್ಲಿ ಅರ್ಧ ಜನ ಇಲ್ಲೇ ಸಿಕ್ಕಿಬಿದ್ದಿರುತ್ತಾರೆ ಎಂಬುದು ನನ್ನ ಗುಮಾನಿ.

ಸರಾಸರಿ ಸರಿಯಾದರೂ ಮುಗಿಯಲಿಲ್ಲ. ನನ್ನ ಗುಂಡುಗಳ ವೇಗದ ಸ್ಟ್ಯಾಂಡರ್ಡ್ ಡೀವಿಯೇಶನ್ ಹತ್ತು ಅಡಿ ಆಸುಪಾಸು, ಫ್ಯಾಕ್ಟರಿ ಗುಂಡಿಗೆ ಅದು ಒಳ್ಳೆಯ ಅಂಕಿಯೇ. ಅಂದರೆ ಬಹುಪಾಲು ಗುಂಡುಗಳು ಸರಾಸರಿಯಿಂದ ಇಪ್ಪತ್ತು ಅಡಿ ಮೇಲೆ ಕೆಳಗೆ ಹಂಚಿಹೋಗುತ್ತವೆ. ಸಾವಿರ ಗಜದಲ್ಲಿ ಅದು ಐದು ಇಂಚು ಮೇಲೆ, ಐದು ಇಂಚು ಕೆಳಗೆ. ಹತ್ತರ ವೃತ್ತದ ಎತ್ತರವಿಡೀ ಅಷ್ಟಕ್ಕೇ ಖರ್ಚು. ಇಂಥ ಗುಂಡು ಹಾಕಿಕೊಂಡು ‘ಆ ಆ್ಯಪ್ 8.73 ಮಿಲ್ ಅನ್ನುತ್ತೆ, ಈ ಆ್ಯಪ್ 8.78’ ಎಂದು ಜಗಳಕ್ಕೆ ಕೂರುವವರನ್ನು ಕಂಡರೆ ನನಗೆ ನಗು ತಡೆಯಲಾಗುವುದಿಲ್ಲ.

ಗಾಳಿಯ ಒತ್ತಡದ ಪಾಠ ಕಣ್ಣಾರೆ ಕಂಡದ್ದು ನ್ಯೂ ಮೆಕ್ಸಿಕೋದ ರೇಟನ್‌ನಲ್ಲಿ. ಅಲ್ಲಿನ ವಿಟಿಂಗ್‌ಟನ್ ಸೆಂಟರ್ ಸಮುದ್ರಮಟ್ಟದಿಂದ ಸುಮಾರು 6,600 ಅಡಿ ಎತ್ತರದಲ್ಲಿದೆ. ಬೆಟ್ಟದ ಬುಡದಲ್ಲಿ ಬೈಸನ್ ಆಕಾರದ ಒಂದು ಬಿಳಿ ಗುರಿ ನಿಲ್ಲಿಸಿದ್ದಾರೆ, ದೂರ 1,123 ಗಜ. ಹೋದವರೆಲ್ಲ ಅದಕ್ಕೊಂದು ಗುಂಡು ಹೊಡೆಯದೆ ಬರುವುದಿಲ್ಲ. ನಮ್ಮ ಜೊತೆ ಬಂದಿದ್ದ ಒಬ್ಬರದೂ ಇದೇ ಕ್ಯಾಲಿಬರಿನ ರೈಫಲ್. ಫೋನಿನ ಹವಾಮಾನ ವರದಿ ನೋಡಿ ಒತ್ತಡ 30.1 ಇಂಚು (ಪಾದರಸದ ಅಳತೆಯಲ್ಲಿ) ಎಂದು ಆ್ಯಪ್‌ಗೆ ತುಂಬಿ, ಅದು ಹೇಳಿದಷ್ಟು ತಿರುಗಿಸಿ, ಬೈಸನ್ನಿನ ನಟ್ಟನಡು ಹೊಟ್ಟೆಗೆ ಗುರಿಯಿಟ್ಟು ಟ್ರಿಗರ್ ಎಳೆದರು. ಧೂಳೆದ್ದದ್ದು ಅದರ ಬೆನ್ನಿನಾಚೆ ಇಳಿಜಾರಿನಲ್ಲಿ. ಮತ್ತೆ ಹೊಡೆದರು, ಮತ್ತೆ ಅಲ್ಲೇ.

ಹವಾಮಾನ ವರದಿಯ ಒತ್ತಡ ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಊರು ಎಷ್ಟೇ ಎತ್ತರದಲ್ಲಿರಲಿ, ಅದು ಮೂವತ್ತರ ಆಸುಪಾಸಿನಲ್ಲೇ ಇರುತ್ತದೆ, ವಿಮಾನದವರಿಗೂ ಹವಾಮಾನದವರಿಗೂ ಅದೇ ಅನುಕೂಲ. ಗುಂಡಿಗೆ ಬೇಕಾದದ್ದು ನಾವು ನಿಂತ ಜಾಗದ ನಿಜವಾದ ಒತ್ತಡ, ಸ್ಟೇಶನ್ ಪ್ರೆಶರ್. ರೇಟನ್‌ನಲ್ಲಿ ಅದು 23.5 ಇಂಚಿನ ಹತ್ತಿರ. ಅಂದರೆ ಆ ಆ್ಯಪ್ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಗಾಳಿಯನ್ನು ಇಲ್ಲದ ಕಡೆ ಇದೆ ಎಂದು ತಿಳಿದು ಲೆಕ್ಕ ಹಾಕಿತ್ತು. ಸಾವಿರ ಗಜಕ್ಕೆ ಇದರಿಂದ ಒಂದು ಮಿಲ್ ತಪ್ಪುತ್ತದೆ, ಬೈಸನ್ನಿನ ದೂರಕ್ಕೆ ಐದಡಿಯ ಹತ್ತಿರ. ಗಾಳಿ, ಒತ್ತಡ ಅಳೆಯುವ ನನ್ನ ಕೆಸ್ಟ್ರೆಲ್ ಮೀಟರಿನ ಅಂಕಿ ತುಂಬಿದ ಮೇಲೆ ಹೊಡೆದ ಗುಂಡಿಗೆ ಲೋಹದ ಸದ್ದು ಐದು ಸೆಕೆಂಡಿನ ಹತ್ತಿರ ಕಳೆದು ಬಂತು, ಹೊಟ್ಟೆಯಿಂದಲೇ. ಕೆಸ್ಟ್ರೆಲ್ ಕೊಳ್ಳದವರು ಚಿಂತಿಸಬೇಕಿಲ್ಲ, ಈಗಿನ ಅನೇಕ ಫೋನುಗಳಲ್ಲಿ ಒತ್ತಡದ ಸೆನ್ಸರ್ ಇದೆ, ಅದು ಕೊಡುವುದು ಸ್ಟೇಶನ್ ಪ್ರೆಶರನ್ನೇ. ಆದರೆ ಫೋನು ಹೇಳುವ ಉಷ್ಣಾಂಶವನ್ನು ಮಾತ್ರ ನಂಬಬೇಡಿ, ಅದು ಬ್ಯಾಟರಿಯ ಕಾವು.

ಉಷ್ಣಾಂಶವೂ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಫೀನಿಕ್ಸ್‌ನ ಚಳಿಗಾಲದ ಬೆಳಿಗ್ಗೆ 40 ಡಿಗ್ರಿ ಫ್ಯಾರನ್‌ಹೀಟ್, ಮಧ್ಯಾಹ್ನ 70. ಅಷ್ಟಕ್ಕೇ ಸಾವಿರ ಗಜದಲ್ಲಿ ಮೂರು ಕ್ಲಿಕ್ ಹತ್ತಿರ ಬದಲು. ಬೆಳಿಗ್ಗೆ ಬರೆದುಕೊಂಡ ಚೀಟಿ ಊಟದ ಹೊತ್ತಿಗೆ ಹಳಸಿರುತ್ತದೆ. ತೇವಾಂಶದ ಪ್ರಭಾವ ಮಾತ್ರ ಇಷ್ಟು ದೂರಕ್ಕೂ ಗಣನೆಗೆ ಬಾರದಷ್ಟು ಸಣ್ಣದು.

ಈಗ ಸ್ಕೋಪಿಗೆ ಬರೋಣ. ಆ್ಯಪ್ 9 ಮಿಲ್ ಎಂದಿತು, ನಾವು 9 ಮಿಲ್ ತಿರುಗಿಸಿದೆವು. ಸ್ಕೋಪು ನಿಜಕ್ಕೂ ಅಷ್ಟೇ ತಿರುಗಿತೇ? ಈ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ, ದುಡ್ಡು ಕೊಟ್ಟಿದ್ದೇವಲ್ಲ! ನಾನು ಮಾಡುವುದು ಹೀಗೆ. ಆಳೆತ್ತರದ ರಟ್ಟಿನ ಮೇಲೆ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯುತ್ತೇನೆ. ಸ್ಕೋಪಿನ ತಿರುಗಣೆಯಿಂದ ರಟ್ಟಿನವರೆಗೆ ನಿಖರವಾಗಿ 100 ಗಜವನ್ನು ಟೇಪಿನಲ್ಲೇ ಅಳೆಯುತ್ತೇನೆ. ಒಂದು ಗಜ ಆಚೀಚೆಯಾದರೆ ಶೇ 1ರಷ್ಟು ಸುಳ್ಳು ಅಲ್ಲೇ ನುಸುಳುತ್ತದೆ, ರೇಂಜಿನ ಬೋರ್ಡು ನೋಡಿ ಕೂರುವಂತಿಲ್ಲ. ಕೆಳಗಿನ ಗುರುತಿಗೆ ಐದು ಗುಂಡು, ಆಮೇಲೆ ಗುರಿಯನ್ನು ಕದಲಿಸದೆ 10 ಮಿಲ್ ಮೇಲಕ್ಕೆ ತಿರುಗಿಸಿ ಮತ್ತೆ ಐದು. ಎರಡು ಗುಂಪಿನ ನಡುಬಿಂದುಗಳ ನಡುವೆ 36 ಇಂಚು ಬರಬೇಕು. ನನ್ನ ಸ್ಕೋಪಿಗೆ ಬಂದದ್ದು 35.4. ಶೇ 1.7 ಕೊರತೆ. 9 ಮಿಲ್ ತಿರುಗಿಸಿದಾಗ ಇದರಿಂದ ಐದೂವರೆ ಇಂಚು ಕೆಳಗೆ. ಒಳ್ಳೆಯ ಆ್ಯಪ್‌ಗಳಲ್ಲಿ ಈ ಕೊರತೆಯನ್ನು ತುಂಬಲು ಒಂದು ಖಾನೆ ಇರುತ್ತದೆ, ತುಂಬಿದೆ, ಸ್ಕೋಪನ್ನು ಇಟ್ಟುಕೊಂಡೆ. ಇದೇ ಪರೀಕ್ಷೆಯಲ್ಲಿ ಗುಂಪುಗಳು ಗೆರೆಯ ಪಕ್ಕಕ್ಕೆ ಜಾರಿದರೆ ಸ್ಕೋಪು ಓರೆಯಾಗಿ ಕೂತಿದೆ ಎಂದರ್ಥ. ಒಂದೇ ಡಿಗ್ರಿ ಓರೆ ಸಾವಿರ ಗಜದಲ್ಲಿ ಐದಾರು ಇಂಚು ಪಕ್ಕಕ್ಕೆ ಒಯ್ಯುತ್ತದೆ, ನಾವು ಗಾಳಿಯನ್ನು ಬೈಯುತ್ತೇವೆ.

ಇಷ್ಟಾದ ಮೇಲೆ ಬರುವುದು ಟ್ರೂಯಿಂಗ್, ಅಂದರೆ ದೂರದಲ್ಲಿ ಗುಂಡು ನಿಜವಾಗಿ ಬಿದ್ದ ಜಾಗಕ್ಕೆ ಹೊಂದುವಂತೆ ಆ್ಯಪ್‌ನೊಳಗಿನ ವೇಗವನ್ನೋ ಬಿಸಿಯನ್ನೋ ತಿದ್ದುವುದು. ಇದರ ಬಗ್ಗೆ ನನಗೆ ಸ್ವಲ್ಪ ಖಾರವಾದ ಅಭಿಪ್ರಾಯವಿದೆ. ಮೊದಲ ದಿನವೇ ಟ್ರೂಯಿಂಗ್ ಬಟನ್ ಒತ್ತುವವರು ಸ್ಕೋಪಿನ ಕೊರತೆಯನ್ನು ಗುಂಡಿನ ತಲೆಗೆ ಕಟ್ಟುತ್ತಾರೆ. ಆ ದಿನ, ಆ ದೂರಕ್ಕೆ ಲೆಕ್ಕ ಕೂಡಿಬರುತ್ತದೆ. ಊರು ಬದಲಾದರೆ, ಋತು ಬದಲಾದರೆ ಮತ್ತೆ ಎಲ್ಲ ಎಡವಟ್ಟು.

ತಪ್ಪಿನ ಮೂಲ ಹುಡುಕಲು ನಾನು 300, 600, 1000 ಗಜಗಳ ತಪ್ಪುಗಳನ್ನು ಮಿಲ್‌ನಲ್ಲಿ ಬರೆದು ಪಕ್ಕಪಕ್ಕ ಇಡುತ್ತೇನೆ. ಮೂರರಲ್ಲೂ ಒಂದೇ ಪ್ರಮಾಣದ ತಪ್ಪಿದ್ದರೆ ಝೀರೋ ಸರಿಯಿಲ್ಲ. ಮೂರು ಗುಂಡು ಹೊಡೆದು ಝೀರೋ ಆಯಿತು ಅನ್ನುವವರ ಪಾಡು ಇದು, ಹತ್ತಾದರೂ ಬೇಕು. ತಿರುಗಿಸಿದ ಮಿಲ್‌ಗೆ ತಕ್ಕಂತೆ ತಪ್ಪು ಬೆಳೆದರೆ ಸ್ಕೋಪಿನ ಮೇಲೆ ಕಣ್ಣಿಡಿ. ಮಧ್ಯದವರೆಗೆ ಸರಿಯಿದ್ದು ಕೊನೆಯಲ್ಲಿ ಜೋರಾಗಿ ಜಾರಿದರೆ ಆಗ ಗುಂಡಿನ ಲೆಕ್ಕ ನೋಡಬೇಕು. ಅಲ್ಲೂ ಒಂದು ತೊಡಕಿದೆ. ವೇಗದಲ್ಲಿ 25 ಅಡಿ ತಪ್ಪಿದರೂ, ಬಿಸಿಯಲ್ಲಿ ಶೇ 3 ತಪ್ಪಿದರೂ ಸಾವಿರ ಗಜದಲ್ಲಿ ಬರುವ ಅಂತರ ಹೆಚ್ಚುಕಮ್ಮಿ ಒಂದೇ, ಆರು ಇಂಚಿನ ಸುತ್ತ. ಒಂದೇ ದೂರದ ಗುಂಪು ನೋಡಿ ಯಾವುದು ಕಳ್ಳ ಎಂದು ಹೇಳಲಾಗದು. ಹಿಂದೆ ಕ್ರೋನೋಗ್ರಾಫ್‌ಗಳ ಮೇಲೆ ಭರವಸೆ ಇರದಿದ್ದಾಗ ವೇಗವನ್ನು ತಿದ್ದುವುದು ರೂಢಿಯಾಗಿತ್ತು. ಈಗ ರಡಾರ್ ವೇಗವನ್ನು ನಂಬಬಹುದು. ಹಾಗಾಗಿ ನಾನು ವೇಗ ಮುಟ್ಟುವುದಿಲ್ಲ, ಬಿಸಿಯನ್ನು ಅಥವಾ 4ಡಿಒಎಫ್‌ನಲ್ಲಾದರೆ ಅಲ್ಲಿ ಬಿಸಿಯ ಬದಲಿಗೆ ತಿದ್ದುವ ಆಕ್ಸಿಯಲ್ ಫಾರ್ಮ್ ಫ್ಯಾಕ್ಟರನ್ನು ಕೊಂಚವೇ ತಿದ್ದುತ್ತೇನೆ. ಶೇ 3ಕ್ಕಿಂತ ಹೆಚ್ಚು ತಿದ್ದಬೇಕಾಗಿ ಬಂದರೆ ತಿದ್ದುವುದನ್ನು ಬಿಟ್ಟು ಟೇಪು, ತೂಗುಗುಂಡು ಹಿಡಿದು ಮತ್ತೆ 100 ಗಜಕ್ಕೆ ನಡೆಯುತ್ತೇನೆ.

ಸ್ಪಿನ್ ಡ್ರಿಫ್ಟ್, ಕೊರಿಯೊಲಿಸ್ ಇತ್ಯಾದಿ ಕೇಳಲು ಭಾರೀ ಮಾತುಗಳು. ಬಲಕ್ಕೆ ತಿರುಗುವ ಗುಂಡು ಸಾವಿರ ಗಜದಲ್ಲಿ ಎರಡು ಕ್ಲಿಕ್ ಬಲಕ್ಕೆ ಸರಿಯುತ್ತದೆ, ಭೂಮಿ ತಿರುಗುವುದರಿಂದ ಇಲ್ಲಿನ ಅಕ್ಷಾಂಶದಲ್ಲಿ ಎರಡು ಇಂಚು ಅದಕ್ಕೆ ಸೇರುತ್ತದೆ. ಆ್ಯಪ್ ಇದನ್ನು ಚೆನ್ನಾಗಿಯೇ ಲೆಕ್ಕಹಾಕುತ್ತದೆ, ಆನ್ ಮಾಡಿ ಮರೆತುಬಿಡಿ. ಏಕೆಂದರೆ ಪಕ್ಕಗಾಳಿ ಗಂಟೆಗೆ ಒಂದು ಮೈಲಿ ಹೆಚ್ಚಾದರೆ ಗುಂಡು ಆರೇಳು ಇಂಚು ಸರಿಯುತ್ತದೆ. ಕೆಸ್ಟ್ರೆಲ್ ಅಳೆಯುವುದು ನನ್ನ ಕಿವಿಯ ಪಕ್ಕದ ಗಾಳಿಯನ್ನು. 700 ಗಜದಾಚೆ ಧ್ವಜ ಎತ್ತ ಹಾರುತ್ತಿದೆ, ಸ್ಕೋಪಿನಲ್ಲಿ ಬಿಸಿಲುಗುದುರೆ ಯಾವ ಕಡೆ ಹರಿಯುತ್ತಿದೆ ಎಂಬುದು ಅದಕ್ಕೆ ಕಾಣದು. ‘ಗಾಳಿ: 1.4 ಮಿಲ್’ ಎಂದು ದಶಾಂಶ ಸಮೇತ ಪರದೆಯ ಮೇಲೆ ಮೂಡುವ ಅಂಕಿ ನಾನು ಅಂದಾಜಿನಲ್ಲಿ ತುಂಬಿದ್ದರದೇ ಪ್ರತಿಧ್ವನಿ.

ಇದಕ್ಕೆಲ್ಲ ಎಷ್ಟು ತಲೆಕೆಡಿಸಿಕೊಳ್ಳಬೇಕು ಎಂಬುದು ನೀವು ಆಡುವ ಆಟದ ಮೇಲೆ. ಎಫ್-ಕ್ಲಾಸ್‌ನಲ್ಲಿ ಪ್ರತಿ ಗುಂಡು ಎಲ್ಲಿ ಬಿತ್ತೆಂದು ಗುರುತು ತೋರಿಸುತ್ತಾರೆ, ಆರಂಭದಲ್ಲಿ ಅಂಕಕ್ಕೆ ಸೇರದ ಗುಂಡುಗಳೂ ಇರುತ್ತವೆ. ಆ್ಯಪ್ ನಿಮ್ಮನ್ನು ಕಾಗದದ ಮೇಲೆ ತಂದು ನಿಲ್ಲಿಸಿದರೆ ಅದರ ಕೆಲಸ ಮುಗಿಯಿತು. ಪ್ರಿಸಿಷನ್ ರೈಫಲ್ ಪಂದ್ಯಗಳಲ್ಲಿ 400ರಿಂದ 1,000 ಗಜದವರೆಗೆ ಬೇರೆ ಬೇರೆ ದೂರದ ಉಕ್ಕಿನ ಫಲಕಗಳಿಗೆ ಒಂದೊಂದು ಗುಂಡು, ಗಡಿಯಾರ ಓಡುತ್ತಿರುತ್ತದೆ. ಮೇಲಿನ ಶ್ರಮವೆಲ್ಲ ಬಡ್ಡಿ ಸಮೇತ ಮರಳಿ ಬರುವುದು ಅಲ್ಲಿ.

ಆ್ಯಪ್ ನಿಜಕ್ಕೂ ತಡವರಿಸುವುದನ್ನು ನಾನು ಕಂಡದ್ದು ದೊಡ್ಡ ರೈಫಲಿನಲ್ಲಲ್ಲ, ಅಭ್ಯಾಸಕ್ಕೆ ಬಳಸುವ ಸಣ್ಣ .22 ಕ್ಯಾಲಿಬರಿನ ರೈಫಲಿನಲ್ಲಿ. ಅದರ ಗುಂಡು ಹೊರಡುವುದೇ ಸೆಕೆಂಡಿಗೆ 1070 ಅಡಿಯ ಆಸುಪಾಸಿನಲ್ಲಿ, ಶಬ್ದದ ವೇಗಕ್ಕೆ ತೀರಾ ಹತ್ತಿರ. ಗಾಳಿಯ ತಡೆ ಕಡಿದಾಗಿ ಏರಿಳಿಯುವ ಜಾಗ ಅದು. ಚಳಿಯಲ್ಲಿ ಶಬ್ದದ ವೇಗವೇ ಇಳಿಯುವುದರಿಂದ ಅದೇ ಗುಂಡು ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ವರ್ತಿಸುತ್ತದೆ. ಮೃದು ಸೀಸದ ಗುಂಡುಗಳ ಆಕಾರವೂ ಲಾಟಿನಿಂದ ಲಾಟಿಗೆ ಬೇರೆ. ಇದಕ್ಕೆಂದೇ ಆರ್‌ಎ4 ಎಂಬ ಮಾದರಿ ಇದೆ, ಜಿ1ಕ್ಕಿಂತ ವಾಸಿ, ಆದರೂ 200 ಗಜ ದಾಟಿದ ಮೇಲೆ ನನಗೆ ಅದರ ಮೇಲೆ ವಿಶ್ವಾಸ ಕಡಿಮೆ. ಹಾಗಾಗಿ ಆ ರೈಫಲಿನ ಪಕ್ಕಕ್ಕೆ ಬಿಳಿ ಟೇಪು ಅಂಟಿಸಿ, 50 ಗಜಕ್ಕೊಂದರಂತೆ ಹೊಡೆದು ನೋಡಿದ ಅಂಕಿಗಳನ್ನೇ ಪೆನ್ನಿನಲ್ಲಿ ಬರೆದಿದ್ದೇನೆ. ಬೇಸಿಗೆಗೆ ಒಂದು ಸಾಲು, ಚಳಿಗಾಲಕ್ಕೆ ಇನ್ನೊಂದು. ಗುಂಡಿನ ಲಾಟ್ ಬದಲಾದ ದಿನ ಟೇಪು ಕಿತ್ತು ಹೊಸದು.